ಆಟೋ ಕೊಂಡವನೂ ಗ್ರಾಹಕನೇ

ಬೂದಿಗೆರೆಯಲ್ಲಿ ಒಬ್ಬರು ಸಾಲ ಮಾಡಿ ಆಟೋ ಕೊಂಡರೆನ್ನಿ. ತಿಂಗಳೊಳಗೆ ಇಂಜಿನ್ ಕೆಟ್ಟರೆ ಯಾರನ್ನು ಕೇಳಬೇಕು?

1930ರ ಸರಕು ಮಾರಾಟ ಕಾಯ್ದೆಯಲ್ಲಿ, ನೋಡಿ ಕೊಳ್ಳುವ ಹೊಣೆ ಬಹುಮಟ್ಟಿಗೆ ಕೊಳ್ಳುವವನದೇ. ವಿನಾಯಿತಿಗಳಿದ್ದವು ನಿಜ, ಆದರೆ ಅದಕ್ಕೆ ಸಿವಿಲ್ ಕೋರ್ಟಿಗೆ ಅಲೆಯಬೇಕು. ಕಂತು ಕಟ್ಟುವವನಿಗೆ ಅಷ್ಟು ಪುರುಸೊತ್ತೆಲ್ಲಿ?

1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದು, ಜಿಲ್ಲೆಯ ಮಟ್ಟದಲ್ಲೇ ದೂರು ಕೇಳುವ ವ್ಯವಸ್ಥೆಯಾಯಿತು. ಆದರೆ 'ವಾಣಿಜ್ಯ ಉದ್ದೇಶ'ಕ್ಕೆ ಸರಕು ಕೊಂಡವರನ್ನು ಅದು ಹೊರಗಿಟ್ಟಿತು. ಬಾಡಿಗೆಗೆ ಓಡುವ ಆಟೋ ವಾಣಿಜ್ಯವಲ್ಲದೆ ಇನ್ನೇನು ಎಂದು ವಾದಿಸಲು ಇಷ್ಟು ಸಾಕು! 1993ರ ತಿದ್ದುಪಡಿ ಈ ಬಾಗಿಲನ್ನು ತೆರೆಯಿತು: ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡು, ತಾನೇ ಬಳಸುವವನು ಗ್ರಾಹಕನೇ. 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಾಹನಗಳ ಉದಾಹರಣೆ ಕೊಟ್ಟೇ ಬಿಡಿಸಿ ಹೇಳಿತು. ಹೊಟ್ಟೆಪಾಡಿಗಾಗಿ ತಾನೇ ಓಡಿಸುವವನು ಗ್ರಾಹಕ; ಸಹಾಯಕ್ಕೆ ಒಬ್ಬಿಬ್ಬರಿದ್ದರೂ ಅಡ್ಡಿಯಿಲ್ಲ. ಗಾಡಿಯನ್ನು ಪೂರ್ತಿ ಬೇರೆಯವರ ಕೈಗೆ ಕೊಟ್ಟು ಓಡಿಸುವವನು ಅಲ್ಲ. ನನ್ನ ಮಟ್ಟಿಗೆ, ಬಡ ಚಾಲಕನಿಗೆ ಮೂಲ ಕಾಯ್ದೆಗಿಂತ ಈ ತಿದ್ದುಪಡಿಯೇ ದೊಡ್ಡದು.

ಹಾಗೆಂದು ಹೊಸ ಗಾಡಿಯೇ ಸಿಗುತ್ತದೆಂದು ತಿಳಿಯಬೇಡಿ. 2006ರಲ್ಲಿ ಮಾರುತಿ ಕಾರಿನ ಕ್ಲಚ್ ದೋಷದ ಪ್ರಕರಣದಲ್ಲಿ, ವಾರಂಟಿ ಇರುವುದು ಕೆಟ್ಟ ಭಾಗ ಬದಲಿಸಲು, ಇಡೀ ಕಾರಿಗಲ್ಲ ಎಂದಿತು ಸುಪ್ರೀಂ ಕೋರ್ಟು.

2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಕಾಯ್ದೆಯಂತೆ, ಕಂಪನಿ ಎಲ್ಲೇ ಇರಲಿ, ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಆದ್ದರಿಂದ ಬಿಲ್, ವಾರಂಟಿ ಪುಸ್ತಕ, ಪ್ರತಿ ಸಲ ರಿಪೇರಿಗೆ ಬಿಟ್ಟಾಗಿನ ಜಾಬ್ ಕಾರ್ಡ್, ಎಲ್ಲವನ್ನೂ ಜೋಪಾನವಾಗಿ ಎತ್ತಿಡಿ.