ಗೊರಗೊರ ಸದ್ದಿನಾಚೆಯ ನಿಲಯಗಳು

ಶಾರ್ಟ್‌ವೇವ್ ಮೊದಮೊದಲು ಯಾರಿಗೂ ಬೇಡವಾದ ಸರಕು. 1912ರ ಕಾಯ್ದೆಯಲ್ಲಿ ಅಮೆರಿಕ ತನ್ನ ಹವ್ಯಾಸಿ ರೇಡಿಯೋ ಮಂದಿಯನ್ನು 200 ಮೀಟರ್ ಹಾಗೂ ಅದಕ್ಕೂ ಕಿರಿದಾದ ತರಂಗಗಳಿಗೆ ಅಟ್ಟಿತು. ಅವು ದೂರ ಹೋಗಲಾರವು ಎಂಬುದು ಬಲ್ಲವರ ಎಣಿಕೆ. 1923ರ ನವೆಂಬರಿನಲ್ಲಿ ಅದೇ ಹವ್ಯಾಸಿಗಳು ಸುಮಾರು 100 ಮೀಟರಿನಲ್ಲಿ ಅಟ್ಲಾಂಟಿಕ್ ಆಚೆಯ ಫ್ರಾನ್ಸಿನೊಡನೆ ಮೋರ್ಸ್ ಸಂಕೇತದಲ್ಲಿ ಮಾತಾಡಿಬಿಟ್ಟರು. ಮೇಲಕ್ಕೆ ಹೋದ ತರಂಗವನ್ನು ವಾತಾವರಣದ ಮೇಲ್ಪದರವಾದ ಅಯಾನುಗೋಳ ಬಾಗಿಸಿ ಕಡಲಾಚೆ ಇಳಿಸುತ್ತಿತ್ತು.

ಸರ್ಕಾರಗಳು ಸುಮ್ಮನಿರುತ್ತವೆಯೇ? 1932ರ ಡಿಸೆಂಬರಿನಲ್ಲಿ ಬಿಬಿಸಿ ಶಾರ್ಟ್‌ವೇವ್‌ನಲ್ಲಿ ‘ಎಂಪೈರ್ ಸರ್ವಿಸ್’ ಆರಂಭಿಸಿತು. ಮಹಾಯುದ್ಧದ ಹಿಂದೆಯೇ ಶೀತಲ ಸಮರ ಬಂತು. ಮಾಸ್ಕೋ, ವಾಷಿಂಗ್ಟನ್, ಪೀಕಿಂಗ್‌ಗಳು ಪೈಪೋಟಿಗೆ ಬಿದ್ದು ಹತ್ತಾರು ಭಾಷೆಗಳಲ್ಲಿ ಪ್ರಸಾರ ಮಾಡಿದವು. ಪ್ರಚಾರಕ್ಕೆಂದು ಸುರಿದ ದುಡ್ಡು ಕೇಳುಗರ ಪಾಲಿಗೆ ಹಬ್ಬವಾಯಿತು. ಬಿಬಿಸಿಯ ಪ್ರಸಾರವನ್ನು ದಶಕಗಳ ಕಾಲ ಸದ್ದು ಬೆರೆಸಿ ಕೆಡಿಸಿದ್ದು ಸೋವಿಯತ್ ಆಡಳಿತ. 1991ರ ಆಗಸ್ಟ್‌ನ ಕ್ಷಿಪ್ರಕ್ರಾಂತಿಯಲ್ಲಿ ಕ್ರೈಮಿಯಾದಲ್ಲಿ ಬಂದಿಯಾದ ಸೋವಿಯತ್ ಅಧ್ಯಕ್ಷ ಗೋರ್ಬಚೇವ್ ಹೊರಗಿನ ಸುದ್ದಿಗೆ ಕಿವಿಗೊಟ್ಟಿದ್ದು ಅದೇ ಬಿಬಿಸಿಗೆ! ನಮ್ಮಲ್ಲಿ ಈ ಗೀಳು ಹಾಡಿನ ಮೂಲಕ ಹಬ್ಬಿತು. ಆಕಾಶವಾಣಿ ಚಿತ್ರಗೀತೆಗಳಿಗೆ ಮುಖ ತಿರುಗಿಸಿದ್ದ 1952ರಲ್ಲಿ ರೇಡಿಯೋ ಸಿಲೋನ್ ‘ಬಿನಾಕಾ ಗೀತಮಾಲಾ’ ಶುರುಮಾಡಿತು. ಅದರ ನಿರೂಪಕ ಅಮೀನ್ ಸಯಾನಿಯವರ ದನಿಗಾಗಿ ಮುಳ್ಳು ತಿರುಗಿಸಿದ ಲಕ್ಷಾಂತರ ಜನ ಹೆಸರೇ ಅರಿಯದ ಹವ್ಯಾಸವೊಂದರ ಹೊಸ್ತಿಲಲ್ಲಿದ್ದರು.

ಹೊಸ್ತಿಲು ದಾಟಿದವರು ಡಿಎಕ್ಸರ್‌ಗಳು. ಇವರಿಗೆ ಕಾರ್ಯಕ್ರಮ ನೆಪ ಮಾತ್ರ, ದೂರವೇ ಮುಖ್ಯ. ಅಲೆಯಂತೆ ಏರಿ ಇಳಿಯುವ ದನಿಯಲ್ಲಿ ನಿಲಯದ ಹೆಸರು ಕಿವಿಗೆ ಬೀಳುವವರೆಗೆ ಕಾಯಬೇಕು. ಆಮೇಲೆ ವರದಿ: ತರಂಗಾಂತರ, ಯುಟಿಸಿ ಎಂಬ ಜಾಗತಿಕ ಸಮಯ, ಕೇಳಿದ್ದೇನು, ಕೊನೆಗೆ ಎಷ್ಟು ಚೆನ್ನಾಗಿ ಕೇಳಿಸಿತೆಂದು ಹೇಳುವ ಸಿನ್ಪೊ ಎಂಬ ಐದಂಕಿ. 45444 ಎಂದರೆ ಚೆನ್ನಾಗಿಯೇ ಕೇಳಿಸಿತು. 22222 ಎಂದರೆ ತಿಣುಕಾಡಿ ಹಿಡಿದದ್ದು. ನಿಲಯ ಆ ವರದಿಯನ್ನು ತಾಳೆ ನೋಡಿ, ಕೇಳಿದ್ದು ನಿಜವೆಂದು ಖಚಿತಪಡಿಸುವ ಕ್ಯೂಎಸ್‌ಎಲ್ ಕಾರ್ಡ್ ಕಳಿಸುತ್ತದೆ. ಹೊರದೇಶದ ಡಿಎಕ್ಸರ್‌ಗಳ ಪಟ್ಟಿಗಳಲ್ಲಿ ‘ಬೆಂಗಳೂರು’ ಕಾಣಿಸುವುದು ಆಕಾಶವಾಣಿಯ 500 ಕಿಲೋವ್ಯಾಟ್ ಟ್ರಾನ್ಸ್‌ಮಿಟರುಗಳ ದೆಸೆಯಿಂದ. ಯಾವ ನಿಲಯ ಸಿಗುತ್ತದೆಂಬುದರಲ್ಲಿ ಸೂರ್ಯನ ಕೈವಾಡವೂ ಉಂಟು: ಸುಮಾರು 11 ವರ್ಷಗಳ ಸೌರಚಕ್ರ ಏರಿದಾಗ ಮೇಲಿನ ಬ್ಯಾಂಡುಗಳು ತೆರೆಯುತ್ತವೆ, ಇಳಿದಾಗ ಮುಚ್ಚುತ್ತವೆ. ಈ ಅನಿಶ್ಚಿತತೆಯೇ ಚಟ ಹತ್ತಿಸುವುದು.

ಇಂಟರ್‌ನೆಟ್ ಬಂದಮೇಲೆ ನಿಲಯಗಳು ಒಂದೊಂದಾಗಿ ಕಳಚಿಕೊಂಡವು. 2001ರಲ್ಲಿ ಬಿಬಿಸಿ ಉತ್ತರ ಅಮೆರಿಕದತ್ತ ಶಾರ್ಟ್‌ವೇವ್ ಪ್ರಸಾರ ನಿಲ್ಲಿಸಿತು. 2012ರಲ್ಲಿ ರೇಡಿಯೋ ನೆದರ್‌ಲ್ಯಾಂಡ್ಸ್, 2017ರಲ್ಲಿ ರೇಡಿಯೋ ಆಸ್ಟ್ರೇಲಿಯಾ ಶಾರ್ಟ್‌ವೇವ್ ಬಿಟ್ಟವು. ಉಳಿದದ್ದನ್ನೂ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲ ನುಂಗುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಸಿಡಿದಾಗ ಬಿಬಿಸಿ ಆ ಕಡೆಗೆ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವ್ ಸುದ್ದಿ ಶುರುಮಾಡಿದ್ದು ಹೌದು, ಆದರೆ ಹವ್ಯಾಸ ಉಳಿದದ್ದು ಅದರಿಂದಲ್ಲ. ನಿಲಯ ಕಡಿಮೆಯಾದಷ್ಟೂ ಬೇಟೆಯ ರುಚಿ ಹೆಚ್ಚಿತು. 4625 ಕಿಲೋಹರ್ಟ್ಸ್‌ನಲ್ಲಿ ಝೇಂಕರಿಸುತ್ತಲೇ ಇರುವ ರಷ್ಯಾದ ನಿಲಯ ‘ಬಜ಼ರ್’ಗೂ ಅಭಿಮಾನಿಗಳಿದ್ದಾರೆ.

ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು 2008ರಿಂದ ಯಾರು ಬೇಕಾದರೂ ಇಂಟರ್‌ನೆಟ್ ಮೂಲಕ ತಮ್ಮ ಕಂಪ್ಯೂಟರಿನಲ್ಲೇ ತಿರುಗಿಸಬಹುದು. ಅಲ್ಲಿ ಸಿಕ್ಕ ನಿಲಯವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬಹುದೇ? ಹಳಬರ ಪ್ರಕಾರ, ಸ್ವಂತ ಆಂಟೆನಾ ತಂತಿಗೆ ಸಿಗದ್ದು ಲೆಕ್ಕಕ್ಕಿಲ್ಲ.