ರಾಡು, ಸ್ಕ್ರೂ, ಕೇಜ್: ಅಗ್ಗದ ಕ್ಯಾಮೆರಾ ರಿಗ್ ಬೆಳೆದ ಬಗೆ

15 ಮಿ.ಮೀ. ದಪ್ಪದ ಎರಡು ರಾಡು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 60 ಮಿ.ಮೀ. ಅಂತರ. ಲೆನ್ಸಿಗೆ ಬೇಡದ ಬೆಳಕು ತಡೆಯುವ ಮ್ಯಾಟ್ ಬಾಕ್ಸ್ ಒಂದು ಕಂಪನಿಯದು, ಫೋಕಸ್ ತಿರುಗಿಸುವ ಫಾಲೋ ಫೋಕಸ್ ಇನ್ನೊಂದರದು, ಭುಜದ ಪ್ಯಾಡ್ ಮತ್ತೊಂದರದು ಆಗಿದ್ದರೂ ಆ ರಾಡುಗಳ ಮೇಲೆ ಎಲ್ಲವೂ ಕೂರುತ್ತವೆ. ಕ್ಯಾಮೆರಾ ಹೊರುವ ಈ ಜೋಡಣೆ, ಅಂದರೆ ರಿಗ್, ಅಗ್ಗವಾದದ್ದಕ್ಕೆ ಚೀನಾದ ಅಲ್ಯೂಮಿನಿಯಂ ಕಾರಣವೆನ್ನುವವರೇ ಹೆಚ್ಚು. ನನ್ನ ಮಟ್ಟಿಗೆ ಮೊದಲ ಕಾರಣ ಈ ಅಳತೆ. ಎಲ್ಲರೂ ಒಪ್ಪಿದ ಅಳತೆಯೊಂದು ಇದ್ದಿದ್ದರಿಂದಲೇ ಸಣ್ಣ ತಯಾರಕರು ಒಂದೊಂದೇ ಬಿಡಿಭಾಗ ಮಾಡಿ ಮಾರುಕಟ್ಟೆಗೆ ಬರಲು ಸಾಧ್ಯವಾಯಿತು.

ಈ ರಾಡುಗಳು ಕಡಿಮೆ ಬಜೆಟ್ಟಿನವರ ಕೈಗೆ ಬಂದದ್ದು ವಿಡಿಯೊ ತೆಗೆಯುವ ಡಿಎಸ್ಎಲ್ಆರ್‌ಗಿಂತ ಮೊದಲೇ. 2000ರ ದಶಕದ ಮಿನಿ ಡಿವಿ ಕ್ಯಾಮೆರಾಗಳ ಸೆನ್ಸರ್ ಪುಟ್ಟದು. ಹಿನ್ನೆಲೆ ಮಸುಕಾಗುವ ಸಿನಿಮಾ ನೋಟ ಅದರಲ್ಲಿ ಸಿಗುತ್ತಿರಲಿಲ್ಲ. ಸ್ಟಿಲ್ ಕ್ಯಾಮೆರಾದ ಲೆನ್ಸಿನಿಂದ ಬಂದ ಬಿಂಬವನ್ನು ಮಸುಕು ಗಾಜಿನ ಮೇಲೆ ಬೀಳಿಸಿ, ಆ ಗಾಜನ್ನೇ ವಿಡಿಯೊ ಕ್ಯಾಮೆರಾದಿಂದ ಚಿತ್ರೀಕರಿಸುವ ಅಡಾಪ್ಟರುಗಳು ಆಗ ಬಂದವು. ರೆಡ್‌ರಾಕ್ ಮೈಕ್ರೊ, ಲೀಟಸ್ ಅವುಗಳಲ್ಲಿ ಹೆಸರು ಮಾಡಿದವು. ಕ್ಯಾಮೆರಾದ ಮುಂದೆ ಚಾಚಿದ ಆ ಭಾರಕ್ಕೆ ಆಸರೆಯಾಗಿ ಕೆಳಗೆ ರಾಡು ಬೇಕೇಬೇಕಾಯಿತು. ಅದೇ ದಶಕದಲ್ಲಿ ಜಾನಿ ಚಂಗ್ ಲೀ ಎಂಬವರು, ನಡೆಯುತ್ತಾ ತೆಗೆದರೂ ಚಿತ್ರ ಅಲುಗದಂತೆ ಹಿಡಿಯುವ ಸ್ಟೆಡಿಕ್ಯಾಮ್ ಮಾದರಿಯೊಂದನ್ನು ಕೊಳಾಯಿ ಪೈಪುಗಳಿಂದ 14 ಡಾಲರಿಗೆ ಜೋಡಿಸುವ ವಿಧಾನವನ್ನು ಎಲ್ಲರಿಗೂ ಹೇಳಿಕೊಟ್ಟರು.

2008ರಲ್ಲಿ ದೊಡ್ಡ ಸೆನ್ಸರಿನಲ್ಲೇ ವಿಡಿಯೊ ತೆಗೆಯುವ ಡಿಎಸ್ಎಲ್ಆರ್‌ಗಳಾದ ನಿಕಾನ್ ಡಿ90, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಬಂದವು. ಅಡಾಪ್ಟರಿನ ಕಾಲ ಮುಗಿಯಿತು, ರಾಡುಗಳು ಉಳಿದವು. 2010ರ ಹೊತ್ತಿಗೆ ಲೀನಾ ಡನಮ್ 'ಟೈನಿ ಫರ್ನಿಚರ್' ಚಿತ್ರವನ್ನು ಕ್ಯಾನನ್ 7ಡಿಯಲ್ಲಿ ತೆಗೆದರು. ನಮ್ಮಲ್ಲಿ ಅಮೋಲ್ ಗುಪ್ತೆಯವರ 'ಸ್ಟ್ಯಾನ್ಲಿ ಕಾ ಡಬ್ಬಾ' (2011) ಕೂಡ ಅದೇ ಕ್ಯಾಮೆರಾದಲ್ಲಿ ಮೂಡಿತು. ಆದರೆ ಇವು ಫೋಟೊ ತೆಗೆಯಲೆಂದು ಮಾಡಿದ ಕ್ಯಾಮೆರಾಗಳು. ಕಿಲೋ ತೂಗದ ಬಾಡಿ ಉಸಿರಾಡಿದರೂ ಅಲುಗುತ್ತದೆ. ಅಲುಗಿದರೆ, ಚಿತ್ರವನ್ನು ಸಾಲುಸಾಲಾಗಿ ಓದುವ ರೋಲಿಂಗ್ ಶಟರಿನಿಂದ ಕಂಬ, ಬಾಗಿಲುಗಳೆಲ್ಲ ಬಳುಕುತ್ತವೆ. ಮೈಕ್, ಮಾನಿಟರ್, ಬ್ಯಾಟರಿ ಎಲ್ಲಕ್ಕೂ ನೆತ್ತಿಯ ಮೇಲೆ ಇರುವುದು ಫ್ಲ್ಯಾಶ್ ಕೂರಿಸುವ ಒಂದೇ ಹಾಟ್ ಶೂ. ಭುಜಕ್ಕೆ ಒರಗಿ ಹಿಂದಕ್ಕೆ ತೂಕ ಕೊಡುವ ಶೋಲ್ಡರ್ ರಿಗ್ ಅನಿವಾರ್ಯವಾಯಿತು. ಷಿಕಾಗೊದ ಝಕೂಟೊ ಅದನ್ನು ಚೆನ್ನಾಗಿಯೇ ಮಾಡಿತು, ಆದರೆ ಬೆಲೆ ವಿದ್ಯಾರ್ಥಿಗಳ ಕೈಗೆ ಎಟುಕುವಂತಿರಲಿಲ್ಲ.

ಆ ತೆರವನ್ನು ತುಂಬಿದ್ದು ಭಾರತದ ಪ್ರೊಏಮ್, ಶೆನ್‌ಜೆನ್‌ನ ಸ್ಮಾಲ್‌ರಿಗ್ ಮತ್ತು ಟಿಲ್ಟಾದಂಥ ಕಂಪನಿಗಳು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆದ ಅಲ್ಯೂಮಿನಿಯಂ ಕೇಜ್ ಕ್ಯಾಮೆರಾದ ಸುತ್ತ ಚೌಕಟ್ಟಾಗಿ ನಿಂತಿತು, ಮೈತುಂಬ ಸ್ಕ್ರೂ ತೂತುಗಳೊಂದಿಗೆ. ಕಾಲಿಂಚಿನ ಸ್ಕ್ರೂ, ಇಂಚಿಗೆ 20 ಎಳೆ: ಟ್ರೈಪಾಡಿನ ಹಳೆಯ ಅಳತೆಯೇ. ಅದರ ದೋಷವೂ ಹಳೆಯದು. ಒಂದೇ ಸ್ಕ್ರೂ ಹಿಡಿದ ಮಾನಿಟರ್ ಶಾಟಿನ ನಡುವೆ ಮೆಲ್ಲಗೆ ತಿರುಗಿಬಿಡುತ್ತದೆ. ಸಿನಿಮಾ ಕ್ಯಾಮೆರಾ ತಯಾರಿಸುವ ಆರಿ ಕಂಪನಿ ಸ್ಕ್ರೂವಿನ ಅಕ್ಕಪಕ್ಕ ಎರಡು ಪಿನ್ ಇಟ್ಟು ಇದನ್ನು ಬಗೆಹರಿಸಿತು. ಈಗ ಅಗ್ಗದ ಹ್ಯಾಂಡಲ್ಲುಗಳಲ್ಲೂ ಆ ಪಿನ್‌ಗಳು ಸಿಗುತ್ತವೆ. ಬಂದೂಕಿನ ಮೇಲೆ ದುರ್ಬೀನು ಕೂರಿಸುವ ಪಟ್ಟಿಯಿಂದ ಬಂದ ನ್ಯಾಟೊ ರೈಲ್ ಇನ್ನೂ ಅನುಕೂಲ: ಹ್ಯಾಂಡಲ್ ಜಾರಿಸಿ ಬಿಗಿದರೆ ಮುಗಿಯಿತು, ಸ್ಪ್ಯಾನರ್ ಬೇಡ. ರಾಡಂತೂ ಬೆಂಗಳೂರಿನ ಪೀಣ್ಯದ ಲೇಥ್ ಶಾಪಿನಲ್ಲೂ ತಯಾರಾಗಬಲ್ಲ ವಸ್ತು.

ಅಲುಗಾಟವನ್ನು ಮೋಟಾರುಗಳಿಂದ ಸರಿದೂಗಿಸುವ ಗಿಂಬಲ್‌ನ ಕಥೆ ಇನ್ನೂ ವೇಗವಾಗಿ ಸಾಗಿತು. 2013ರಲ್ಲಿ ಫ್ರೀಫ್ಲೈ ಕಂಪನಿಯ ಮೂವಿ ಎಂ10ಕ್ಕೆ ಸುಮಾರು 15,000 ಡಾಲರ್. ಮರುವರ್ಷವೇ ಡಿಜೆಐನ ರೋನಿನ್ ಅದಕ್ಕಿಂತ ತೀರಾ ಕಡಿಮೆ ಬೆಲೆಗೆ ಬಂತು. ಓಡುತ್ತಾ ತೆಗೆಯುವ ಶಾಟುಗಳು ಗಿಂಬಲ್‌ನ ಪಾಲಾದವು. ಮಾತಿನ ದೃಶ್ಯಕ್ಕೆ ಭುಜದ ಜೀವಂತ ಅಲುಗಾಟವೇ ನನಗೆ ಹೆಚ್ಚು ಒಪ್ಪುತ್ತದೆ.

ಇಷ್ಟೆಲ್ಲ ಜೋಡಣೆಯ ನಡುವೆ ಬೇರೆ ಕ್ಯಾಮೆರಾಕ್ಕೆ ಬಳಸಲಾಗದೆ ಉಳಿದದ್ದು ಕೇಜ್ ಮಾತ್ರ. ಒಂದು ಮಾಡೆಲಿಗೆ ಕೊರೆದದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಕ್ಯಾಮೆರಾ ಬದಲಿಸಿದರೆ ಕೇಜ್ ಗುಜರಿಗೆ. ಹಣ ಹಾಕುವುದಿದ್ದರೆ ರಾಡು, ಕ್ಲ್ಯಾಂಪು, ರೈಲು, ಒಳ್ಳೆಯ ಹ್ಯಾಂಡಲ್ಲಿಗೆ ಹಾಕಬೇಕು. ಅವು ಮುಂದಿನ ಕ್ಯಾಮೆರಾಕ್ಕೂ ಬರುತ್ತವೆ. ಕೇಜ್‌ನ ಅಗತ್ಯವೇ ತಗ್ಗುವಂತೆ ಸೋನಿ 2021ರಲ್ಲಿ ಎಫ್ಎಕ್ಸ್3 ಕ್ಯಾಮೆರಾದ ಬಾಡಿಯಲ್ಲೇ ಕಾಲಿಂಚಿನ ಐದು ಸ್ಕ್ರೂ ತೂತು ಕೊಟ್ಟಿತು. ಗ್ಯಾರೆತ್ ಎಡ್ವರ್ಡ್ಸ್ ತಮ್ಮ ದೊಡ್ಡ ಬಜೆಟ್ಟಿನ 'ದಿ ಕ್ರಿಯೇಟರ್' (2023) ತೆಗೆದದ್ದು ಆ ಕ್ಯಾಮೆರಾದಲ್ಲೇ. ಅಗ್ಗದ ಬಾಡಿಗಳಿಗೂ ಆ ಐದು ತೂತು ಬರಲಿ ಎಂಬುದೇ ಕಡಿಮೆ ಹಣದಲ್ಲಿ ಸಿನಿಮಾ ಮಾಡುವವರ ಪರವಾಗಿ ತಯಾರಕರಲ್ಲಿ ನನ್ನ ಬೇಡಿಕೆ.