ಪ್ರೋಟೀನಿನೊಳಗಿನ ಸಂಪರ್ಕಗಳ ವಿಶ್ಲೇಷಣೆ: ರಾಮಚಂದ್ರನ್ ಅವರಿಂದ ಬಾಳೆಯ ಲೆಕ್ಟಿನ್‌ವರೆಗೆ

ಹಂಪಿಯ ಸುತ್ತ ತುರ್ತು ಕಾಲುವೆಯ ನೀರಿಗೆ ಬೆಳೆಯುವ ಬಾಳೆ, ಹೊಸಪೇಟೆ–ಕಂಪ್ಲಿ ಸೀಮೆಯ ಸುಗಂಧಿ, ಏಲಕ್ಕಿ ಬಾಳೆಯ ತೋಟಗಳು, ಸಂಡೂರಿನ ಕಡೆ ಮಳೆ ನಂಬಿದ ಹೊಲಗಳ ಶೇಂಗಾ: ಬಾಳೆ, ಶೇಂಗಾ ಎರಡೂ ಬೆಳೆಗಳು ಪ್ರೋಟೀನ್ ವಿಜ್ಞಾನದ ಚರಿತ್ರೆಯಲ್ಲಿ ಸೇರಿವೆ. ಬಾಳೆಹಣ್ಣಿನಲ್ಲೂ ಶೇಂಗಾ ಬೀಜದಲ್ಲೂ ಲೆಕ್ಟಿನ್ ಎಂಬ ಜಾತಿಯ ಪ್ರೋಟೀನುಗಳಿವೆ. ಜೀವಕೋಶಗಳ ಮೇಲಿನ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿಯುವುದು ಇವುಗಳ ಗುಣ. ಶೇಂಗಾದ ಲೆಕ್ಟಿನ್‌ನ ಸ್ಫಟಿಕ ರಚನೆ 1994ರಲ್ಲಿ ಪ್ರಕಟವಾಯಿತು, ಬಾಳೆಯದು 2005ರಲ್ಲಿ. ಎರಡೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ಗುಂಪಿನ ಕೆಲಸ. ಇಂಥ ರಚನೆ ಕೈಗೆ ಬಂದ ಮೇಲೆ ವಿಜ್ಞಾನಿ ಕೇಳುವ ಮೊದಲ ಪ್ರಶ್ನೆ, ಯಾವ ಅಮೈನೊ ಆಮ್ಲ ಯಾವುದನ್ನು ಮುಟ್ಟಿಕೊಂಡಿದೆ ಎಂಬುದು. ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರ ಹುಡುಕಿದ ಸುಮಾರು 60 ವರ್ಷಗಳ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಅದನ್ನು ಒಂದೇ ಎಳೆಯಲ್ಲಿ ಹಿಡಿದಿಡುವ ಪ್ರಯತ್ನ ಈ ಲೇಖನದ್ದು.

ಪರಮಾಣುಗಳ ಲೋಕದಲ್ಲಿ 'ಮುಟ್ಟುವುದು' ತಾನಾಗಿ ಗೋಚರಿಸುವ ಸಂಗತಿಯಲ್ಲ. ಎಷ್ಟು ಹತ್ತಿರ ಬಂದರೆ ಸಂಪರ್ಕ, ಎಷ್ಟು ದೂರವಾದರೆ ಅಲ್ಲ ಎಂಬ ಗೆರೆಯನ್ನು ಮನುಷ್ಯರೇ ಎಳೆಯಬೇಕು. ಆ ಗೆರೆಯನ್ನು ಯಾರು, ಯಾವ ಕಾರಣಕ್ಕೆ, ಎಲ್ಲಿ ಎಳೆದರು ಎಂಬುದೇ ಈ ವಿಷಯದ ನಿಜವಾದ ಚರಿತ್ರೆ ಎಂಬುದು ನನ್ನ ವಾದ.

ಮೊದಲ ಗೆರೆ ಬಿದ್ದದ್ದು ನಿಷೇಧದ ರೂಪದಲ್ಲಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ 1952ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಹೋದರು. 1954ರಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೊಲ್ಲಾಜೆನ್ ಎಂಬ ಪ್ರೋಟೀನಿಗೆ ಮೂರು ಎಳೆಗಳ ರಚನೆಯನ್ನು ಸೂಚಿಸಿದರು. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತೆಗೆದ ಆಕ್ಷೇಪ ಮುಖ್ಯವಾದುದು: ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬರುತ್ತವೆ. ಹಾಗಾದರೆ ಎಷ್ಟು ಹತ್ತಿರ ಬರಬಹುದು? ರಾಮಚಂದ್ರನ್ ಮತ್ತು ವಿ. ಶಶಿಶೇಖರನ್ ಅಂದಿಗೆ ಲಭ್ಯವಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ, ಪ್ರತಿ ಜೋಡಿ ಪರಮಾಣುವಿಗೂ ಎರಡೆರಡು ಮಿತಿಗಳನ್ನು ಗೊತ್ತುಮಾಡಿದರು. ಒಂದು ಸಾಮಾನ್ಯ ಮಿತಿ, ಇನ್ನೊಂದು ಪರಮಾವಧಿ ಮಿತಿ. ಇಂಗಾಲ–ಇಂಗಾಲಕ್ಕೆ 3.2 ಮತ್ತು 3.0 ಆಂಗ್‌ಸ್ಟ್ರಾಮ್, ಜಲಜನಕ–ಜಲಜನಕಕ್ಕೆ 2.0 ಮತ್ತು 1.9. (ಸೆಂಟಿಮೀಟರಿನ 10 ಕೋಟಿಯಲ್ಲಿ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್.) ಈ ಕೋಷ್ಟಕವನ್ನು ಕೈಯಲ್ಲಿ ಹಿಡಿದು, ಸಿ. ರಾಮಕೃಷ್ಣನ್ ಅವರೂ ಸೇರಿ, ಪೆಪ್ಟೈಡ್ ಸರಪಳಿಯ ಎರಡು ಕೋನಗಳನ್ನು ಹಂತಹಂತವಾಗಿ ತಿರುಗಿಸುತ್ತ ಪರಮಾಣುಗಳು ಎಲ್ಲಿ ಢಿಕ್ಕಿ ಹೊಡೆಯುತ್ತವೆ ಎಂದು ಲೆಕ್ಕ ಹಾಕಿದರು. 1963ರಲ್ಲಿ ಪ್ರಕಟವಾದ ಆ ನಕ್ಷೆಯೇ ಇಂದು ಜಗತ್ತಿನ ಪ್ರತಿ ಜೀವರಸಾಯನ ಪಠ್ಯದಲ್ಲಿರುವ ರಾಮಚಂದ್ರನ್ ನಕ್ಷೆ. ನಕ್ಷೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗ ನಿಷಿದ್ಧ ಎಂದು ತೋರಿಸಿದ್ದೇ ಅದರ ಶಕ್ತಿ. ಪಠ್ಯಗಳು ನಕ್ಷೆಯನ್ನು ನೆನಪಿಟ್ಟು ಅದರ ತಳಹದಿಯಾದ ಸಂಪರ್ಕ ದೂರಗಳ ಕೋಷ್ಟಕವನ್ನು ಮರೆತಿವೆ. ಇದು ಸರಿಯಲ್ಲ. ಆಕ್ಷೇಪಕ್ಕೆ ಉತ್ತರವಾಗಿ ಹುಟ್ಟಿದ ಆ ಕೋಷ್ಟಕವೇ ಸಂಪರ್ಕ ವಿಶ್ಲೇಷಣೆಯ ಆದಿ ದಾಖಲೆ ಎಂದು ನಾನು ಎಣಿಸುತ್ತೇನೆ.

ಸತೀಶ್ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ ರಾಮಚಂದ್ರನ್ ಬೆಂಗಳೂರಿಗೆ ಮರಳಿದರು. 1971ರಲ್ಲಿ ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಆರಂಭವಾಯಿತು. ಶಶಿಶೇಖರನ್ ಜೊತೆಗೆ ಬಂದರು. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ಇನ್ಸುಲಿನ್ ತಂಡದಲ್ಲಿದ್ದ ವಿಜಯನ್ ಕೂಡ ಇಲ್ಲಿ ನೆಲೆಗೊಂಡರು. ಅದೇ 1971ರಲ್ಲಿ ಅಮೆರಿಕದಲ್ಲಿ ಪ್ರೋಟೀನ್ ರಚನೆಗಳ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ ಏಳು ರಚನೆಗಳೊಂದಿಗೆ ಶುರುವಾಯಿತು.

ಅಷ್ಟರಲ್ಲಿ ಬೇರೆಡೆ ಎರಡನೆಯ ಬಗೆಯ ಗೆರೆ ಬಿದ್ದಿತ್ತು. ಲೈಸೋಝೈಮ್ ರಚನೆಯನ್ನು ಬಿಡಿಸಿದ ಡೇವಿಡ್ ಫಿಲಿಪ್ಸ್ 1970ರಲ್ಲಿ ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳನ್ನು ಚೌಕದ ಎರಡು ಅಂಚುಗಳಲ್ಲಿ ಬರೆದು, ಹತ್ತಿರವಿರುವ ಜೋಡಿಗಳನ್ನು ಚೌಕದೊಳಗೆ ಗುರುತಿಸುವ ನಕ್ಷೆಯನ್ನು ತೋರಿಸಿದರು. ಸಂಪರ್ಕ ನಕ್ಷೆ ಎಂದು ಹೆಸರಾದದ್ದು ಇದೇ. ಸುರುಳಿ ಭಾಗಗಳು ಕರ್ಣರೇಖೆಗೆ ಅಂಟಿದ ಪಟ್ಟೆಯಾಗಿಯೂ, ಎದುರುಬದುರಾಗಿ ಸಾಗುವ ಎಳೆಗಳು ಕರ್ಣಕ್ಕೆ ಅಡ್ಡಲಾದ ಪಟ್ಟೆಯಾಗಿಯೂ ಕಾಣುತ್ತವೆ. ಮೂರು ಆಯಾಮದ ರಚನೆ ಕಾಗದದ ಮೇಲೆ ಓದಲು ಸಿಕ್ಕಿತು. 1985ರಲ್ಲಿ ಮಿಯಾಜಾವಾ ಮತ್ತು ಜೆರ್ನಿಗನ್ ಪಾರ್ಶ್ವ ಸರಪಳಿಗಳ ಕೇಂದ್ರಗಳ ನಡುವೆ 6.5 ಆಂಗ್‌ಸ್ಟ್ರಾಮ್ ಗೆರೆ ಎಳೆದು, ಯಾವ ಜೋಡಿ ಎಷ್ಟು ಸಲ ಮುಟ್ಟುತ್ತದೆ ಎಂದು ಎಣಿಸಿ, ಆ ಎಣಿಕೆಯಿಂದಲೇ ಸಂಪರ್ಕದ ಶಕ್ತಿಯನ್ನು ಅಂದಾಜಿಸಿದರು. ರಾಮಚಂದ್ರನ್ ಅವರ 3 ಆಂಗ್‌ಸ್ಟ್ರಾಮ್ ಎಲ್ಲಿ, ಇವರ 6.5 ಎಲ್ಲಿ! ಎರಡೂ ಸರಿಯೇ. ಒಂದು ಇದಕ್ಕಿಂತ ಹತ್ತಿರ ಬರಕೂಡದು ಎನ್ನುವ ಗೆರೆ, ಇನ್ನೊಂದು ಇದಕ್ಕಿಂತ ದೂರವಾದರೆ ನಂಟಿಲ್ಲ ಎನ್ನುವ ಗೆರೆ.

ಮೂರನೆಯ ಹಂತ ಮತ್ತೆ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಸರಸ್ವತಿ ವಿಶ್ವೇಶ್ವರ ಅವರು ಎನ್. ಕಣ್ಣನ್ ಅವರೊಡನೆ 1999ರಲ್ಲಿ ಪ್ರಕಟಿಸಿದ ಲೇಖನ ಪ್ರೋಟೀನನ್ನು ಗಣಿತದ ಗ್ರಾಫ್ ಎಂದು ನೋಡಿತು. ಅಮೈನೊ ಆಮ್ಲಗಳು ಬಿಂದುಗಳು, ಪಾರ್ಶ್ವ ಸರಪಳಿಗಳ ಸಂಪರ್ಕಗಳು ಅವನ್ನು ಕೂಡಿಸುವ ರೇಖೆಗಳು. ಆ ಗ್ರಾಫಿನ ಮಾತೃಕೆಯ ಐಗನ್ ಮೌಲ್ಯಗಳು ಮತ್ತು ಐಗನ್ ಸದಿಶಗಳಿಂದ ಯಾವ ಘಟಕಗಳು ಒಂದು ಗುಂಪಾಗಿ ಕೂಡಿವೆ, ಗುಂಪಿನ ನಡುವೆ ಯಾವುದಿದೆ ಎಂದು ನೇರವಾಗಿ ತಿಳಿಯುತ್ತದೆ. 2005ರಲ್ಲಿ ಕೆ.ವಿ. ಬೃಂದಾ ಅವರೊಂದಿಗೆ ಈ ಕೆಲಸ ಮುಂದೆ ಸಾಗಿತು. ಇಲ್ಲಿ ಗೆರೆಯ ಸ್ವರೂಪವೇ ಬದಲಾದದ್ದನ್ನು ಗಮನಿಸಬೇಕು. ಎರಡು ಘಟಕಗಳ ನಡುವೆ 4.5 ಆಂಗ್‌ಸ್ಟ್ರಾಮ್ ಒಳಗೆ ಬರುವ ಪರಮಾಣು ಜೋಡಿಗಳನ್ನು ಎಣಿಸಿ, ಆಯಾ ಅಮೈನೊ ಆಮ್ಲಕ್ಕೆ ತಕ್ಕ ಅಂಕಗಳಿಂದ ಸರಿದೂಗಿಸಿ, ಸಂಪರ್ಕದ ಬಲವನ್ನು ಶೇಕಡಾವಾರಿನಲ್ಲಿ ಹೇಳುವುದು ಅವರ ವಿಧಾನ. ಗಾತ್ರದಲ್ಲಿ ದೊಡ್ಡದಾದ ಟ್ರಿಪ್ಟೊಫಾನ್‌ಗೆ ಹೆಚ್ಚು ಸಂಪರ್ಕ, ಪುಟ್ಟ ಅಲನೈನ್‌ಗೆ ಕಡಿಮೆ ಎಂಬ ಸಹಜ ಪಕ್ಷಪಾತ ಇದರಿಂದ ತಗ್ಗಿತು. ಹೌದು–ಅಲ್ಲ ಎಂಬ ಉತ್ತರದ ಜಾಗಕ್ಕೆ ಎಷ್ಟು ಎಂಬ ಉತ್ತರ ಬಂತು. ಬಲದ ಮಿತಿಯನ್ನು ಮೆಲ್ಲಗೆ ಏರಿಸುತ್ತ ಹೋದರೆ ಇಡೀ ಪ್ರೋಟೀನನ್ನು ಹಬ್ಬಿದ್ದ ಒಂದೇ ಜಾಲ ಒಂದು ಕಿರಿದಾದ ಅಂತರದಲ್ಲಿ ಚೂರುಚೂರಾಗುತ್ತದೆ ಎಂದೂ ಅವರು ತೋರಿಸಿದರು. ನಾಲ್ಕು ಅಥವಾ ಹೆಚ್ಚು ನಂಟುಗಳಿರುವ ಘಟಕಗಳಿಗೆ ವಿಶೇಷ ಸ್ಥಾನ ಕೊಟ್ಟು, ಪ್ರೋಟೀನಿನ ಸ್ಥಿರತೆಯಲ್ಲಿ ಅವುಗಳ ಪಾತ್ರವನ್ನು ಚರ್ಚಿಸಿದರು.

2007ರಲ್ಲಿ ಅಮಿತ್ ಘೋಷ್ ಮತ್ತು ವಿಶ್ವೇಶ್ವರ ಈ ಜಾಲವನ್ನು ಚಲಿಸುವ ಪ್ರೋಟೀನಿಗೆ ಅನ್ವಯಿಸಿದರು. ಮೆಥಿಯೊನಿಲ್ ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವದಲ್ಲಿ ಸಂಕೇತ ಓದುವ ತಾಣಕ್ಕೂ ರಾಸಾಯನಿಕ ಕ್ರಿಯೆ ನಡೆಯುವ ತಾಣಕ್ಕೂ ಸುಮಾರು 70 ಆಂಗ್‌ಸ್ಟ್ರಾಮ್ ದೂರ. ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಯಾವ ಸಂಪರ್ಕಗಳ ಸಾಲಿನಲ್ಲಿ ಸಾಗಬಹುದು ಎಂದು ಆ ಅಧ್ಯಯನ ಹುಡುಕಿತು. ಅದೇ ವರ್ಷ ಅದೇ ಸಂಸ್ಥೆಯ ಎನ್. ಶ್ರೀನಿವಾಸನ್ ಅವರ ಗುಂಪು ಪಿಐಸಿ ಎಂಬ ಲೆಕ್ಕದ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿಟ್ಟಿತು. ಅದರಲ್ಲಿ ಸಂಪರ್ಕಕ್ಕೆ ಒಂದೇ ಗೆರೆಯಿಲ್ಲ: ನೀರನ್ನು ದೂರವಿಡುವ ಪಾರ್ಶ್ವ ಸರಪಳಿಗಳಿಗೆ 5, ವಿರುದ್ಧ ವಿದ್ಯುದಾವೇಶಗಳಿಗೆ 6, ಗಂಧಕದ ಸೇತುವೆಗೆ 2.2, ಆರೊಮ್ಯಾಟಿಕ್ ಉಂಗುರಗಳಿಗೆ 4.5ರಿಂದ 7 ಆಂಗ್‌ಸ್ಟ್ರಾಮ್. ಈಚಿನ ಕೃತಕ ಬುದ್ಧಿಮತ್ತೆಯ ಯುಗದ ಬಗ್ಗೆ ಇಲ್ಲಿ ಒಂದೇ ಮಾತು ಸಾಕು: ಪ್ರೋಟೀನಿನ ರಚನೆಯನ್ನು ಊಹಿಸುವ 2018ರ ಆಲ್ಫಾಫೋಲ್ಡ್ ಕೂಡ ಮೊದಲು ಊಹಿಸಿದ್ದು ಘಟಕಗಳ ನಡುವಿನ ದೂರಗಳನ್ನೇ.

ಈಗ ಬಾಳೆಗೆ ಬರೋಣ. ಬಾಳೆಯ ಲೆಕ್ಟಿನ್ ರಚನೆಯಲ್ಲಿ ಹಲಸಿನ ಲೆಕ್ಟಿನ್‌ನ ನೆಂಟ. ವಿಜಯನ್ ಅವರ ಗುಂಪು 2005ರಲ್ಲಿ ಇದರಲ್ಲಿ ಸಕ್ಕರೆ ಹಿಡಿಯುವ ಎರಡನೆಯ ತಾಣವನ್ನು ಕಂಡಿತು. ಈ ಪ್ರೋಟೀನು ವೈರಸ್ಸುಗಳನ್ನು ತಡೆಯಬಲ್ಲದು. ಆದರೆ ರೋಗನಿರೋಧಕ ಕೋಶಗಳನ್ನು ಬೇಡದ ರೀತಿಯಲ್ಲಿ ವಿಭಜನೆಗೆ ಪ್ರಚೋದಿಸುತ್ತದೆ. ಹಾಗಾಗಿ ಔಷಧಿಯಾಗಲು ತೊಡಕು. ಮಿಶಿಗನ್ ವಿಶ್ವವಿದ್ಯಾಲಯದ ಡೇವಿಡ್ ಮಾರ್ಕೊವಿಟ್ಸ್ ಮತ್ತು ಸಂಗಡಿಗರು 2015ರಲ್ಲಿ 84ನೆಯ ಸ್ಥಾನದ ಹಿಸ್ಟಿಡಿನ್ ತೆಗೆದು ಥ್ರಿಯೊನಿನ್ ಇಟ್ಟರು. ಪ್ರಚೋದನೆ ತಗ್ಗಿತು, ವೈರಸ್ ತಡೆಯುವ ಗುಣ ಉಳಿಯಿತು. ಅವರು ಕಂಡ ಕಾರಣ ಒಂದು ಸಂಪರ್ಕದ ನಾಶ. 84ರ ಹಿಸ್ಟಿಡಿನ್ ಉಂಗುರ ಮತ್ತು 83ರ ಟೈರೊಸಿನ್ ಉಂಗುರ ಒಂದರ ಮೇಲೊಂದು ಕೂತು ಎರಡು ಸಕ್ಕರೆ ತಾಣಗಳ ನಡುವೆ ಗೋಡೆಯಾಗಿದ್ದವು. ಆ ಗೋಡೆ ಬಿತ್ತು.

ಸಂಶೋಧಕರು ಇಲ್ಲಿ ನಿಂತು ಯೋಚಿಸಬೇಕು. 83 ಮತ್ತು 84 ಸರಪಳಿಯಲ್ಲಿ ಪಕ್ಕಪಕ್ಕದವು. ಪಕ್ಕದವು ಹೇಗೂ ಹತ್ತಿರವಿರುತ್ತವೆ ಎಂದು ಸಂಪರ್ಕ ವಿಶ್ಲೇಷಣೆಯಲ್ಲಿ ಅವನ್ನು ಬಿಟ್ಟುಬಿಡುವುದು ವಾಡಿಕೆ. ಸಂಪರ್ಕ ಊಹೆಯ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಂತೂ ಸರಪಳಿಯಲ್ಲಿ ಕನಿಷ್ಠ ಆರು ಸ್ಥಾನ ದೂರವಿರುವ ಜೋಡಿಗಳನ್ನೇ ಗಣಿಸುತ್ತಿದ್ದರು. ಮಡಿಕೆಯ ಆಕಾರ ತಿಳಿಯಲು ಆ ನಿಯಮ ಯೋಗ್ಯವೇ. ಆದರೆ ಅದೇ ನಿಯಮ ಹಿಡಿದು ಬಾಳೆಯ ಲೆಕ್ಟಿನ್ ನೋಡಿದವರ ಪಟ್ಟಿಯಲ್ಲಿ, ಅದರ ಗುಣವನ್ನೇ ತಿರುಗಿಸಿದ ಸಂಪರ್ಕ ಬರುವುದೇ ಇಲ್ಲ. ಎಷ್ಟೋ ಲೇಖನಗಳು ಸಂಪರ್ಕಗಳ ಸಂಖ್ಯೆಯನ್ನು ಕೊಟ್ಟು, ಯಾವ ಪರಮಾಣುಗಳ ನಡುವೆ, ಎಷ್ಟು ಅಂತರದಲ್ಲಿ, ಸರಪಳಿಯಲ್ಲಿ ಎಷ್ಟು ಸ್ಥಾನ ಬಿಟ್ಟು ಎಣಿಸಿದೆವು ಎಂದು ಹೇಳದೆ ಮುಗಿಯುತ್ತವೆ. ಅಂಥ ಸಂಖ್ಯೆಗಳನ್ನು ಒಂದರೊಡನೊಂದು ಹೋಲಿಸುವುದು ವ್ಯರ್ಥ. ರಾಮಚಂದ್ರನ್ ತಮ್ಮ ಮಿತಿಗಳನ್ನು ಕೋಷ್ಟಕವಾಗಿ ಮೊದಲೇ ಮುಂದಿಟ್ಟರು, ಆದ್ದರಿಂದಲೇ ಯಾರು ಬೇಕಾದರೂ ಅವರನ್ನು ಪರೀಕ್ಷಿಸಬಹುದಾಗಿತ್ತು.

ಹೊಸಪೇಟೆ, ಕಂಪ್ಲಿಯ ಕಾಲೇಜುಗಳಲ್ಲೂ ಸಂಡೂರಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲೂ ವಿಜ್ಞಾನ ಓದುತ್ತಿರುವವರಿಗೆ ನನ್ನದೊಂದು ಕೋರಿಕೆ. ಶೇಂಗಾ ಮತ್ತು ಬಾಳೆಯ ಲೆಕ್ಟಿನ್‌ಗಳ ಪರಮಾಣು ಸ್ಥಾನಗಳು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಉಚಿತವಾಗಿ ಸಿಗುತ್ತವೆ. ಸಾಮಾನ್ಯ ಕಂಪ್ಯೂಟರಿನಲ್ಲೇ ಅವುಗಳ ಸಂಪರ್ಕಗಳನ್ನು ಎಣಿಸಬಹುದು. ಮೊದಲು 4.5 ಆಂಗ್‌ಸ್ಟ್ರಾಮ್ ಗೆರೆಯಲ್ಲಿ, ಆಮೇಲೆ 6.5ರಲ್ಲಿ, ಪಕ್ಕದ ಘಟಕಗಳನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಎಣಿಸಿ. ಪಟ್ಟಿಯ ಮೇಲ್ಗಡೆ ನಿಮ್ಮ ಮಿತಿಗಳನ್ನು ಸ್ಪಷ್ಟವಾಗಿ ಬರೆಯಿರಿ.